ಮಲೆನಾಡಿನ ಅಂಗಳಕ್ಕೆ ಯಾವ ಬಿಳಿ ಹೂವು?

ಪ್ರಶ್ನೆ: ಮೂಡಿಗೆರೆಯ ಹತ್ತಿರ ಹೊಸ ಮನೆ ಕಟ್ಟಿಸಿದ್ದೇವೆ. ಅಂಗಳದಲ್ಲಿ ಬಿಳಿ ಮತ್ತು ತಿಳಿಬಣ್ಣದ ಹೂವುಗಳನ್ನಷ್ಟೇ ಬೆಳೆಸುವ ಆಸೆಯಿದೆ. ಕಳೆದ ಮಳೆಗಾಲದಲ್ಲಿ ಬಿಳಿ ಗುಲಾಬಿಯ ಮೊಗ್ಗುಗಳು ಅರಳುವ ಮೊದಲೇ ಕಂದಾಗಿ ಕೊಳೆತವು. ಗೋಡೆಯ ಪಕ್ಕದ ಗಂಧರಾಜದ ಎಲೆಗಳು ಹಳದಿಯಾಗುತ್ತಿವೆ. ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ನಾವು ಗಿಡಗಳನ್ನು ನೋಡುವುದು ಸಂಜೆಯ ಮೇಲೆಯೇ. ಏನನ್ನು ನೆಡಬಹುದು?

ಉತ್ತರ: ನಿಮ್ಮ ಭಾಗದಲ್ಲಿ ಬಿಳಿ ಹೂವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು, ಬಾಡಿದ ಹೂವು ತಾನಾಗಿ ಉದುರುತ್ತದೆಯೋ ಗಿಡಕ್ಕೇ ಅಂಟಿಕೊಂಡಿರುತ್ತದೆಯೋ ಎಂಬುದನ್ನು. ಕೆಂಪು ಹೂವಿನಲ್ಲಿ ಮರೆಯಾಗುವ ಸಣ್ಣ ಕಲೆಯೂ ಬಿಳಿಯಲ್ಲಿ ಎದ್ದು ಕಾಣುತ್ತದೆ. ಗುಲಾಬಿ, ಡೇರೆಯಂತಹ ಒತ್ತೆಸಳಿನ ಹೂವುಗಳ ನಡುವೆ ನೀರು ನಿಂತರೆ ಬೂದುಬಣ್ಣದ ಬೂಷ್ಟು ತಗಲುತ್ತದೆ. ನಿಮ್ಮ ಮೊಗ್ಗುಗಳಿಗೂ ಬಹುಶಃ ಇದೇ ಆಗಿರಬೇಕು. ಆದ್ದರಿಂದ ಗುಲಾಬಿಯನ್ನು ಕುಂಡದಲ್ಲಿ ಬೆಳೆಸಿ, ಮಳೆಗಾಲದಲ್ಲಿ ಬೆಳಕು ಚೆನ್ನಾಗಿ ಬೀಳುವ ಸೂರಿನಡಿಗೆ ಸರಿಸಿ, ಮಳೆ ಹಿಂದೆ ಸರಿದ ಮೇಲೆ ಸವರಿದರೆ ಚಳಿಗಾಲದಲ್ಲಿ ಸ್ವಚ್ಛವಾದ ಹೂವು ಸಿಗುತ್ತದೆ.

ಅಂಗಳದ ಮುಖ್ಯ ಗಿಡವಾಗಿ ನಾನು ನಂದಿಬಟ್ಟಲನ್ನೇ ಸೂಚಿಸುತ್ತೇನೆ. ದೇವರ ಪೂಜೆಗೆಂದು ಮನೆಮನೆಯಲ್ಲೂ ಇರುವ ಗಿಡವಾದ್ದರಿಂದ ನಾವು ಅದನ್ನು ಅಲಂಕಾರದ ಗಿಡವೆಂದು ಎಣಿಸುವುದೇ ಇಲ್ಲ. ಆದರೆ ಐದೆಸಳಿನ ಒಂಟಿ ಸುತ್ತಿನ ನಂದಿಬಟ್ಟಲು ವರ್ಷದ ಬಹುಭಾಗ ಹೂ ಬಿಡುತ್ತದೆ, ಹಳೆಯ ಹೂವನ್ನು ಇಡಿಯಾಗಿ ಉದುರಿಸುತ್ತದೆ, ಅರೆನೆರಳನ್ನೂ ಸಹಿಸುತ್ತದೆ. ಅದರ ಕಡುಹಸಿರು ಎಲೆಯ ಮೇಲೆ ಬಿಳಿ ಎಷ್ಟು ತೀಕ್ಷ್ಣವಾಗಿ ಕಾಣುತ್ತದೆ ಎಂಬುದನ್ನು ತಿಳಿಯಲು, ಬೇಸಿಗೆಯ ಮೊದಲ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ನಿಮ್ಮೂರಿನ ಕಾಫಿ ತೋಟಗಳು ಅರಳುವ ಬಗೆಯನ್ನು ನೆನೆದರೆ ಸಾಕು. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ಹೂವು ಕರಗಿಹೋಗುತ್ತದೆ. ಗಿಡದ ಹಿಂದೆ ಹಸಿರೇ ಇರಲಿ.

ಸಂಜೆಗಾಗಿ, ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಪಾರಿಜಾತವನ್ನು ನೆಡಿ. ಮಳೆಗಾಲದ ಕೊನೆಯಿಂದ ಅದು ಮುಸ್ಸಂಜೆಗೆ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬೀಳುತ್ತದೆ. ಕತ್ತಲಲ್ಲಿ ಅರಳುವ ಹೂವುಗಳಲ್ಲಿ ಹಲವು ಬಿಳಿಯಾಗಿ, ಘಮಘಮಿಸುವುದು ಪತಂಗಗಳನ್ನು ಕರೆಯಲಿಕ್ಕೆ. ಆ ಹೊತ್ತಿಗೆ ಮನೆ ಸೇರುವ ನಿಮಗೂ ಅದರ ಲಾಭವಿದೆ. ನೀರು ಬಸಿಯುವ ತಗ್ಗಿನಲ್ಲಿ ಸುಗಂಧಿಯ ಗೆಡ್ಡೆಗಳನ್ನು ಹೂಳಿ. ಶುಂಠಿಯ ಬಂಧುವಾದ ಅದಕ್ಕೆ ತೇವವೇ ಬಲ.

ಗಂಧರಾಜವನ್ನು ಕೀಳಬೇಡಿ. ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತಿದ್ದರೆ ಅದು ಕಬ್ಬಿಣದ ಕೊರತೆ. ಹೊಸ ಮನೆಯ ಗೋಡೆಯ ಬುಡದಲ್ಲಿ ಹುದುಗಿರುವ ಸಿಮೆಂಟು, ಸುಣ್ಣದ ಚೂರುಗಳು ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ, ಹುಳಿಮಣ್ಣನ್ನು ಬಯಸುವ ಈ ಗಿಡ ಕಬ್ಬಿಣವನ್ನು ಹೀರಲಾರದೆ ಬಳಲುತ್ತದೆ. ಗಿಡವನ್ನು ಗೋಡೆಯಿಂದ ನಾಲ್ಕಡಿ ಈಚೆಗೆ, ಕೊಳೆತ ತರಗೆಲೆ ಬೆರೆಸಿದ ಕೆಂಪುಮಣ್ಣಿಗೆ ಬದಲಿಸಿ. ಅದರ ಹೂವು ಹಳತಾದಂತೆ ಕೆನೆಬಣ್ಣಕ್ಕೆ ತಿರುಗುವುದರಿಂದ ಅಚ್ಚಬಿಳಿಯ ನಂದಿಬಟ್ಟಲಿನ ಪಕ್ಕದಲ್ಲಿ ಮಾಸಿದಂತೆ ಕಾಣುತ್ತದೆ, ಎರಡನ್ನೂ ದೂರವಿಡಿ.

ತಿಳಿಬಣ್ಣಕ್ಕೆ ಹೈಡ್ರೇಂಜಿಯಾ ಒಂದೇ ಸಾಕು. ಗುಲಾಬಿ ಬಣ್ಣದ ತಳಿಯನ್ನು ತಂದರೂ ನಿಮ್ಮ ಹುಳಿಮಣ್ಣಿನಲ್ಲಿ ಅದು ನೀಲಿಗೆ ತಿರುಗುವ ಸಂಭವವೇ ಹೆಚ್ಚು. ಬಿಳಿಯ ತಳಿಗೆ ಆ ಭಯವಿಲ್ಲ.