ಪರೀಕ್ಷೆಯ ಅಂಕ ನೋಡಿ ಒಳ್ಳೆಯ ಶಾಲೆ ಗುರುತಿಸಿ, ಅದರಿಂದ ಉಳಿದ ಶಾಲೆಗಳನ್ನು ಸುಧಾರಿಸಬಹುದಾ?

ಖಂಡಿತ ಆಗುತ್ತದೆ. ಆದರೆ ರ‍್ಯಾಂಕ್ ಪಟ್ಟಿ ಹಾಕಿ ಸುಮ್ಮನಾದರೆ ಏನೂ ಆಗುವುದಿಲ್ಲ. ಮುಂದಿರುವ ಶಾಲೆಗೆ ಹಿಂದಿರುವ ಶಾಲೆಯನ್ನು ಗಂಟು ಹಾಕಬೇಕು.

ಬ್ರೆಜಿಲ್‌ನ ಸೆಯಾರಾ ಎಂಬ ಬಡ ರಾಜ್ಯ ಇದನ್ನು ಮಾಡಿದೆ. ಅಲ್ಲಿ 2007ರಿಂದ ಎರಡನೇ ತರಗತಿಯ ಮಕ್ಕಳಿಗೆ ಓದುಬರಹದ ಪರೀಕ್ಷೆ ಶುರುವಾಯಿತು. 2009ರಲ್ಲಿ 'ಎಸ್ಕೋಲಾ ನೋಟಾ ಡೆಸ್', ಅಂದರೆ 'ಹತ್ತಕ್ಕೆ ಹತ್ತರ ಶಾಲೆ' ಎಂಬ ಬಹುಮಾನ ಬಂತು. ಮೇಲಿನ 150 ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಹಣ. ಜಾಣತನ ಇರುವುದು ಹಣ ಕೊಡುವ ರೀತಿಯಲ್ಲಿ. ಮೊದಲು 75% ಮಾತ್ರ. ಉಳಿದ 25% ಬೇಕಾದರೆ ಅಂಕದಲ್ಲಿ ತೀರಾ ಕೆಳಗಿರುವ ಒಂದು ಶಾಲೆಗೆ ನೆರವಾಗಬೇಕು, ಆ ಶಾಲೆಯ ಫಲಿತಾಂಶ ಏರಬೇಕು. ಕೆಳಗಿನ ಶಾಲೆಗೂ ಹಣ ಸಿಗುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ? ಅಂಕ ಯಾರು ಮುಂದಿದ್ದಾರೆ ಅಂತ ಹೇಳುತ್ತದೆ, ಹೇಗೆ ಅಂತ ಹೇಳುವುದಿಲ್ಲ. ಅಕ್ಷರ ಗೊತ್ತಿದ್ದೂ ಪದ ಕೂಡಿಸಿ ಓದಲು ತಡವರಿಸುವ ಮಗುವಿನ ಪಕ್ಕ ಕೂತು ಏನು ಮಾಡಬೇಕು ಅನ್ನುವುದು ಸುತ್ತೋಲೆಯಿಂದ ಬರುವುದಿಲ್ಲ. ಆ ಕೆಲಸ ಮಾಡಿ ಗೊತ್ತಿರುವ ಟೀಚರ್ ಹೇಳಿಕೊಡಬೇಕು, ಅಲ್ವಾ?

ಕನಿಷ್ಠ 90% ಮಕ್ಕಳು ಪರೀಕ್ಷೆ ಬರೆದಿರಲೇಬೇಕು ಅನ್ನುವ ನಿಯಮವೂ ಇದೆ. ಇಲ್ಲದಿದ್ದರೆ ಹಿಂದುಳಿದ ಮಕ್ಕಳನ್ನು ಆ ದಿನ ಮನೆಯಲ್ಲೇ ಇರಿಸುವ ಆಸೆ ಹುಟ್ಟುತ್ತದೆ.

ನನಗೆ ಒಂದು ತಕರಾರಿದೆ. ಬರೀ ಸರಾಸರಿ ಅಂಕ ಜಾಸ್ತಿ ಅಂದರೆ ಶಾಲೆ ಒಳ್ಳೆಯದು ಎಂದಲ್ಲ, ಮಕ್ಕಳ ಮನೆಯಲ್ಲೇ ಓದುವ ವಾತಾವರಣ ಇರಬಹುದು. ಒಂದೇ ರೀತಿಯ ಮನೆಗಳಿಂದ ಮಕ್ಕಳು ಬರುವ ಶಾಲೆಗಳನ್ನು ಹೋಲಿಸಿದರೆ ಮಾತ್ರ ಕಲಿಸುವಿಕೆಯ ವ್ಯತ್ಯಾಸ ಕಾಣುತ್ತದೆ.