ಕುರಿ, ಜಿಂಕೆ ಮೇಯುವ ಗುಡ್ಡದಲ್ಲಿ ಹಿಕ್ಕೆ ಹೇಳುವುದೆಷ್ಟು?

ಪ್ರಶ್ನೆ: ಸ್ಕಾಟ್ಲೆಂಡ್‌ನ ಗುಡ್ಡಗಳಲ್ಲಿ ಕುರಿಗಳೂ ಕೆಂಪು ಜಿಂಕೆಗಳೂ ಒಂದೇ ಹುಲ್ಲು ಮೇಯುತ್ತವೆ. ಜಿಂಕೆಯ ಜಂತುಹುಳು ಕುರಿಗೆ ಹರಡುತ್ತದೆಯೇ? ಹಿಕ್ಕೆಯಲ್ಲಿನ ಮೊಟ್ಟೆ ಎಣಿಸಿದರೆ ಗೊತ್ತಾಗುವುದಿಲ್ಲವೇ?

ಉತ್ತರ: ಬರೀ ಎಣಿಕೆಯಿಂದ ಗೊತ್ತಾಗುವುದಿಲ್ಲ. ಹಿಕ್ಕೆಯನ್ನು ಉಪ್ಪಿನ ಗಾಢ ದ್ರಾವಣದಲ್ಲಿ ಕಲಸಿದಾಗ ದುಂಡುಹುಳುಗಳ ಮೊಟ್ಟೆಗಳು ಮೇಲೆ ತೇಲುತ್ತವೆ. ಮೆಕ್‌ಮಾಸ್ಟರ್ ಎಂಬ ಗೆರೆ ಹಾಕಿದ ಎಣಿಕೆ ಸ್ಲೈಡಿನಲ್ಲಿ ಅವನ್ನು ಎಣಿಸಿ, ಗ್ರಾಂಗೆ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಆದರೆ ಸ್ಟ್ರಾಂಗೈಲ್ ಎಂಬ ದುಂಡುಹುಳು ಗುಂಪಿನ ಬಹುತೇಕ ಹುಳುಗಳ ಮೊಟ್ಟೆಗಳು ಸೂಕ್ಷ್ಮದರ್ಶಕದಡಿ ಒಂದೇ ರೀತಿ ಕಾಣುತ್ತವೆ. ಕುರಿಯ ಜಠರವನ್ನು ಕಾಡುವ ಟೆಲಡೋರ್ಸೇಜಿಯ ಯಾವುದು, ಜಿಂಕೆಗೆ ಒಗ್ಗಿದ ಸ್ಪಿಕ್ಯುಲಾಪ್ಟರೇಜಿಯ ಯಾವುದು ಎಂದು ಬೇರ್ಪಡಿಸಲು ಮರಿಹುಳುಗಳನ್ನು ಬೆಳೆಸಿ ನೋಡಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡಬೇಕು. ಜಠರದ ಹುಳುಗಳು ಅತ್ತಿಂದಿತ್ತ ದಾಟುವುದುಂಟು; ಆದರೂ ಹೆಚ್ಚಿನವು ತಮಗೆ ಒಗ್ಗಿದ ಪ್ರಾಣಿಯಲ್ಲೇ ಚೆನ್ನಾಗಿ ಬಾಳುತ್ತವೆ.

ನನಗೆ ಹೆಚ್ಚು ಆತಂಕವಿರುವುದು ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳುವಿನ ಬಗ್ಗೆ. ಅದಕ್ಕೆ ಕುರಿಯೂ ಆಗುತ್ತದೆ, ಜಿಂಕೆಯೂ ಆಗುತ್ತದೆ. ನಡುವೆ ಅದು ಬೆಳೆಯಲು ಬೇಕಾಗಿರುವುದು ಜೌಗು ನೆಲದ ಪುಟ್ಟ ಬಸವನಹುಳು ಮಾತ್ರ. ಇದರ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ನೀರಿನ ತಳಕ್ಕಿಳಿಸಿ ಹುಡುಕಬೇಕು. ಸೋಂಕು ತಗುಲಿ 10ರಿಂದ 12 ವಾರ ಕಳೆಯುವವರೆಗೆ ಮೊಟ್ಟೆಯೇ ಬರುವುದಿಲ್ಲ. ಅಷ್ಟರೊಳಗೆ ಮರಿಹುಳುಗಳು ಪಿತ್ತಜನಕಾಂಗವನ್ನು ಕೊರೆದಿರುತ್ತವೆ. ‘ಮೊಟ್ಟೆ ಇಲ್ಲ’ ಎಂಬ ವರದಿ ನೋಡಿ ನಿರಾಳರಾಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಆ ಹಿಕ್ಕೆ ಯಾರದ್ದು? ಗುಡ್ಡದ ಮೇಲಿನ ಕೆಲಸದ ಕಷ್ಟವೆಲ್ಲ ಇಲ್ಲಿದೆ. ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯಾಚೆಯ ರಮ್ ದ್ವೀಪದಲ್ಲಿ ಸಂಶೋಧಕರು ಒಂದೊಂದು ಜಿಂಕೆಯನ್ನೂ ಗುರುತಿಸಬಲ್ಲರು. ಅದು ಹಿಕ್ಕೆ ಹಾಕುವವರೆಗೆ ದೂರದಿಂದ ಕಾದು, ಅದೇ ಜಾಗಕ್ಕೆ ಹೋಗಿ ಆಯ್ದು ತರುತ್ತಾರೆ. ಈ ತಾಳ್ಮೆಯಿಂದಲೇ, ಮರಿಗೆ ಹಾಲೂಡಿಸುವ ಹೆಣ್ಣು ಜಿಂಕೆಗಳ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಹೆಚ್ಚಿರುವುದು ತಿಳಿದುಬಂತು. ಸ್ಕಾಟ್ಲೆಂಡ್‌ನದೇ ಸೇಂಟ್ ಕಿಲ್ಡಾ ದ್ವೀಪಸಮೂಹದ ಹಿರ್ಟಾ ದ್ವೀಪದಲ್ಲಿ 1985ರಿಂದ ಸೋಯೇ ಎಂಬ ತಳಿಯ ಕುರಿಗಳನ್ನು ಹೀಗೆಯೇ ಒಂದೊಂದಾಗಿ ಹಿಂಬಾಲಿಸಲಾಗುತ್ತಿದೆ. ಗುರುತಿಲ್ಲದ ಹಿಕ್ಕೆಯ ರಾಶಿಯಿಂದ ಇಂಥ ಸಂಗತಿ ಹೊರಬರುತ್ತಿರಲಿಲ್ಲ.

ನೀವು ಮಾದರಿ ಕಳಿಸುವುದಾದರೆ ಬಿಸಿ ಆರದ ಹಿಕ್ಕೆಯನ್ನೇ ಆಯ್ದುಕೊಳ್ಳಿ. ಕುರಿಯದ್ದನ್ನೂ ಜಿಂಕೆಯದ್ದನ್ನೂ ಬೇರೆಬೇರೆ ಚೀಲದಲ್ಲಿಡಿ. ಗಾಳಿಯಾಡದಂತೆ ಕಟ್ಟಿ ತಂಪಾಗಿಡಿ, ಹೆಪ್ಪುಗಟ್ಟಿಸಬೇಡಿ. ಬೆಚ್ಚಗಿದ್ದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಮೊಟ್ಟೆಯೊಡೆದು ಮರಿಹುಳುಗಳು ಹೊರಬಂದಿರುತ್ತವೆ, ಎಣಿಕೆ ಸುಳ್ಳಾಗುತ್ತದೆ.