ಸಂಪಾದಕರ ಉತ್ತರ: ಸೂಟಿ ಸಿನಿಮಾ ಮತ್ತೆ ನೋಡಬಾರದಿತ್ತೇ?

ಜಮಖಂಡಿಯ ಶಿಕ್ಷಕರೊಬ್ಬರ ಪತ್ರ: 'ದಸರಾ ಸೂಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ನಾನು ಚಿಕ್ಕವನಿದ್ದಾಗ ಮರುಳಾಗಿದ್ದ "ಭಕ್ತ ಪ್ರಹ್ಲಾದ", "ಬೆಟ್ಟದ ಹೂವು" ಎರಡನ್ನೂ ಮೊಬೈಲಿನಲ್ಲಿ ಹಾಕಿದೆ. ಮಕ್ಕಳು ಅರ್ಧಕ್ಕೇ ಎದ್ದು ಹೋದರು. ನನಗೂ ಸೆಟ್ಟುಗಳು ಅಗ್ಗ ಅನ್ನಿಸಿದವು, ಕಥೆ ನಿಧಾನ ಅನ್ನಿಸಿತು. ನೋಡದೇ ಬಿಟ್ಟಿದ್ದರೆ ನೆನಪಾದರೂ ಚೆನ್ನಾಗಿರುತ್ತಿತ್ತು. ಬಾಲ್ಯದ ಸಿನಿಮಾ ಮತ್ತೆ ನೋಡಬಾರದು, ಅಲ್ವಾ?'

ಗುರುಗಳೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ಇನ್‌ಲ್ಯಾಂಡ್ ಲೆಟರಿನ ತುಂಬ ಇಷ್ಟು ದುಂಡಗೆ ಬರೆಯುವವರು ಈಗ ಎಲ್ಲಿದ್ದಾರೆ? ಆದರೆ ಕೊನೆಯ ಸಾಲಿಗೆ ಮಾತ್ರ ನಾನು ಮಾರ್ಕ್ಸ್ ಕೊಡುವುದಿಲ್ಲ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಅನ್ನಲಾರೆ. ನಾವು ಸಿಳ್ಳೆ ಹೊಡೆದು ನೋಡಿದ ಕೆಲವು ಸಿನಿಮಾಗಳಲ್ಲಿ ಹೀರೋ ಹೆಂಡತಿಯ ಕೆನ್ನೆಗೆ ಬಾರಿಸಿದರೆ ಟಾಕೀಸೆಲ್ಲ ಚಪ್ಪಾಳೆ. ಈಗ ನೋಡಿದರೆ ನಾಚಿಕೆಯಾಗುತ್ತದೆ. ಅವು ಡಬ್ಬಿಯಲ್ಲೇ ಇರಲಿ. ಅಷ್ಟು ಒಪ್ಪಿದೆ. ಇನ್ನು ಮುಂದೆ ಜಗಳ.

ನೀವು ಪರೀಕ್ಷೆ ಪೇಪರ್ ತಿದ್ದುವ ಹಾಗೆ ಸಿನಿಮಾ ನೋಡಿದ್ದೀರಿ. ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತರೆ ಯಾವ ಸಿನಿಮಾ ಪಾಸಾದೀತು?

'ಬೆಟ್ಟದ ಹೂವು' ಬಂದದ್ದು 1985ರಲ್ಲಿ. ನಾನು ನೋಡಿದ್ದು ಮರುವರ್ಷದ ಬೇಸಿಗೆ ಸೂಟಿಯಲ್ಲಿ, ಹಳೇ ಬಾಗಲಕೋಟೆಯಲ್ಲಿ. ತಲೆಯ ಮೇಲೆ ಕಾದ ತಗಡು, ಮೈಯೆಲ್ಲ ಬೆವರು, ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ. ಪರದೆಯ ಮೇಲೆ ಬೆಟ್ಟದ ಚಳಿ. ಹುಡುಗನ ಪಾತ್ರದ ಪುನೀತ್ ರಾಜ್‌ಕುಮಾರ್‌ನ ವಯಸ್ಸೂ ಹೆಚ್ಚುಕಡಿಮೆ ನನ್ನಷ್ಟೇ. ಕಾಡಿನ ಹೂ ತಂದು ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಪೈಸೆ ಪೈಸೆ ಕೂಡಿಸುತ್ತಾನೆ. (ನಾನು ಎಂ.ಎ.ಯಲ್ಲಿ ಎಡವಿ ಎಡವಿ ಓದಿದ ಪುಸ್ತಕ ಅದು. ಆ ಹುಡುಗನ ಧೈರ್ಯ ಮೆಚ್ಚಬೇಕು.) ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ನನಗೆ ಎಂಥ ಸಿಟ್ಟು ಬಂತು ಗೊತ್ತಾ? ನಮ್ಮ ಊರಿನ ಬಿಸಿಲಲ್ಲಿ ಬೆಳೆದವನಿಗೆ ಕಂಬಳಿಯ ಬೆಲೆ ಏನು ಗೊತ್ತು! ಪಕ್ಕದಲ್ಲಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ನಾನು ಗೊಣಗಿದ್ದಕ್ಕೆ ಒಂದೇ ಮಾತು ಅಂದಳು: 'ಪುಸ್ತಕ ಹೊತಗೊಂಡು ಮಲಗಾಕ ಬರತೈತೇನು?'

ಅದೇ ಸಿನಿಮಾ ಮತ್ತೆ ನೋಡಿದಾಗ ನನಗೆ ನಲವತ್ತು ದಾಟಿತ್ತು. ಆ ವರ್ಷ ಮಗಳಿಗೆ ಸೈಕಲ್ ಕೊಡಿಸುತ್ತೇನೆ ಅಂದಿದ್ದೆ. ಮಳೆ ಜೋರಾಗಿ ಮಾಳಿಗೆ ಸೋರಿತು. ದುಡ್ಡೆಲ್ಲ ಮಾಳಿಗೆಗೇ ಹೋಯಿತು. ಕಂಬಳಿಯ ದೃಶ್ಯ ಬಂದಾಗ ಮಗಳು ಮುಖ ಊದಿಸಿಕೊಂಡು, 'ಪಾಪ, ಪುಸ್ತಕ ತಗೋಬೇಕಿತ್ತು' ಅಂದಳು. ಅವ್ವನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮರುವರ್ಷ ಸೈಕಲ್ ತಂದೆ.

ಕಥೆಯ ಮೂಲ ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿ. ಎನ್. ಲಕ್ಷ್ಮೀನಾರಾಯಣ್ ಅದನ್ನು ನಮ್ಮ ಮಣ್ಣಿನದೇ ಅನ್ನಿಸುವಂತೆ ತೆಗೆದರು. ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಇದಕ್ಕೇ. ನೀವು ಸೆಟ್ಟು ನೋಡುತ್ತ ಕೂತಿರಿ!

1983ರ 'ಭಕ್ತ ಪ್ರಹ್ಲಾದ'ದ ಮಾತೂ ಅಷ್ಟೇ. ಆಗ ನಾವೆಲ್ಲ ಕಾದದ್ದು ಕಂಬ ಒಡೆಯುವುದಕ್ಕೆ. ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರ ಸ್ವಂತ ಮಗ ಪುನೀತ್ ಅನ್ನುವುದು ಆಗ ಬರೀ ಸುದ್ದಿ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಹೋದ ನಂತರ ಒಮ್ಮೆ ಹಾಕಿ ನೋಡಿದೆ. ಅಪ್ಪ ಮಗನ ಮೇಲೆ ಕಣ್ಣು ಕೆಂಪಗೆ ಮಾಡಿದಾಗ ಎದ್ದು ಹೋಗಿ ನೀರು ಕುಡಿದು ಬಂದೆ. ಕಂಬ ಥರ್ಮೋಕೋಲಿನದೋ ಕಲ್ಲಿನದೋ ನೋಡುವ ಪುರುಸೊತ್ತು ಯಾರಿಗಿತ್ತು?

ಇನ್ನು ನಾನು ಸಿನಿಮಾ ನೋಡಿದ ಆ ಟಾಕೀಸು. ಹುಡುಕಿದರೂ ಸಿಗುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿಗೆ ನಿಂತಿತು, ಹಿನ್ನೀರು ನಮ್ಮ ಓಣಿಗೆ ಬಂತು, ನಾವು ನವನಗರದ ಸೆಕ್ಟರಿಗೆ ಬಂದೆವು. ತೊಲೆ, ಕಂಬ, ಬಾಗಿಲು ಎಣಿಸಿ ಮುಳುಗಡೆ ಪರಿಹಾರ ಬರೆದುಕೊಂಡರು. ಟಾಕೀಸಿನ ಅಗ್ಗದ ಟಿಕೆಟ್ಟಿನ ಗಾಂಧಿ ಕ್ಲಾಸಿನ ನೆಲಕ್ಕೆ ಯಾವ ಕಾಲಂ ಇತ್ತು? ಈಗ ನೀರನ್ನು 524.256 ಮೀಟರಿಗೆ ಏರಿಸುವ ಮಾತು ನಡೆದಿದೆ, ಇನ್ನೂ ಯಾವ ಯಾವ ಓಣಿಯೋ. ನನ್ನ ಸೂಟಿಯ ದಿನಗಳಲ್ಲಿ ಮುಳುಗದೇ ಉಳಿದದ್ದು ಆ ಎರಡು ಸಿನಿಮಾ. ಅವನ್ನೂ ನೋಡಬೇಡ ಅನ್ನುತ್ತೀರಲ್ಲ!

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. ಟಿವಿಯವರು ಹಾಡು ಕತ್ತರಿಸಿ ಸೋಪು ಮಾರುತ್ತಾರೆ. ಉಳಿದ ಟಾಕೀಸುಗಳು ಒಂದೊಂದಾಗಿ ಕಲ್ಯಾಣ ಮಂಟಪವಾಗುತ್ತಿವೆ. ಮಕ್ಕಳ ಸಿನಿಮಾಕ್ಕೆಂದೇ ದೇಶದಲ್ಲಿ 1955ರಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. ಅದನ್ನೂ 2022ರಲ್ಲಿ ಇನ್ನೊಂದು ನಿಗಮದೊಳಗೆ ಸೇರಿಸಿಬಿಟ್ಟರು. ಬೇಸಿಗೆ ಸೂಟಿಗೆ ಅಂತ ಕನ್ನಡದಲ್ಲಿ ಈಗ ಏನು ಬರುತ್ತದೆ? ಬಂದರೂ ನಾಲ್ಕು ಜನರ ಪಾಪ್‌ಕಾರ್ನಿನ ಬಿಲ್ಲಿನಲ್ಲಿ ವಾರದ ಸಂತೆ ಆಗುತ್ತದೆ.

ಒಂದು ಕೆಲಸ ಮಾಡಿ. ನಿಮ್ಮ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಇದ್ದರೆ, ಬರುವ ಏಪ್ರಿಲ್‌ನಲ್ಲಿ ಒಂದು ಸಂಜೆ ಗೋಡೆಗೆ ಬಿಳಿ ಧೋತರ ಕಟ್ಟಿ. ಓಣಿಯ ಮಕ್ಕಳನ್ನೆಲ್ಲ ಕರೆಯಿರಿ, ಅವರ ಅಜ್ಜಿಯರನ್ನೂ ಕರೆಯಿರಿ. ಮೊಬೈಲು ಹೊರಗಿಡಿಸಿ. ಅರ್ಧಕ್ಕೆ ಇಂಟರ್‌ವಲ್ ಬಿಡುವುದು ಮರೆಯಬೇಡಿ. ಗಿರಮಿಟ್ಟಿನ ಖರ್ಚು ನನ್ನದು. ನಾನೂ ಬಸ್ಸು ಹಿಡಿದು ಬರುತ್ತೇನೆ. ಕಂಬಳಿಯ ದೃಶ್ಯ ಬಂದಾಗ ಯಾರು ಗೊಣಗುತ್ತಾರೆ, ಯಾರು ಸೆರಗು ಹಿಡಿಯುತ್ತಾರೆ ಅಂತ ಹಿಂದಿನ ಸಾಲಿನಲ್ಲಿ ಕೂತು ಇಬ್ಬರೂ ನೋಡೋಣ.